ಅಪ್ಪ ಅಮ್ಮ ಲಂಡನ್‌ನಲ್ಲಿ ಕಳೆದ ಆರು ವಾರ

2024ರ ಜೂನ್‌ನಲ್ಲಿ ಅಪ್ಪ ಅಮ್ಮ ಮಂಡ್ಯದಿಂದ ಬಂದು ಲಂಡನ್‌ನ ಈಸ್ಟ್ ಹ್ಯಾಮ್‌ನಲ್ಲಿರುವ ನಮ್ಮ ಮನೆಯಲ್ಲಿ ಆರು ವಾರ ಇದ್ದರು. ಅವರು ಬರುವ ಮೊದಲೇ ನಾನೊಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಯಾವ ಶನಿವಾರ ಎಲ್ಲಿಗೆ, ಎಷ್ಟು ಗಂಟೆಗೆ ಟ್ರೇನು, ಊಟ ಎಲ್ಲಿ, ಎಲ್ಲ ಅದರಲ್ಲಿತ್ತು. ಮೊದಲ ಶನಿವಾರವೇ ಅದು ನೆಗೆದುಬಿತ್ತು.

ಅವತ್ತು ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಟ್ರಫಾಲ್ಗರ್ ಸ್ಕ್ವೇರ್ ಎಲ್ಲ ಒಂದೇ ದಿನ ಸುತ್ತಿಸಿದೆ. ಇಲ್ಲಿನ ನೆಲದಡಿಯ ರೈಲು, ಅಂದರೆ ಅಂಡರ್‌ಗ್ರೌಂಡ್‌ನಲ್ಲಿ ಲಿಫ್ಟ್ ಇಲ್ಲದ ಸ್ಟೇಷನ್‌ಗಳೇ ಜಾಸ್ತಿ. ಅಮ್ಮನ ಮಂಡಿ ಮೊದಲೇ ಅಷ್ಟಕ್ಕಷ್ಟೆ. ರಾತ್ರಿ ಶೂ ಬಿಚ್ಚಿದರೆ ಪಾದ ಬನ್ನಿನ ಹಾಗೆ ಊದಿಕೊಂಡಿತ್ತು. "ಊರು ಚೆನ್ನಾಗೈತೆ ಕಣೆ, ಮೆಟ್ಲು ಜಾಸ್ತಿ" ಅಂದವಳು ಭಾನುವಾರ ಹಾಸಿಗೆ ಬಿಟ್ಟು ಏಳಲಿಲ್ಲ.

ಅಲ್ಲಿಂದಾಚೆ ದಿನಕ್ಕೆ ಒಂದೇ ಜಾಗ, ಅದೂ ಆದಷ್ಟು ಬಸ್ಸಿನಲ್ಲೇ. ಆಗ ಟಿಕೆಟ್ 1.75 ಪೌಂಡ್ ಇತ್ತು. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ದುಡ್ಡಿಲ್ಲ. ಬಸ್ಸಿನ ಯಂತ್ರಕ್ಕೆ ಮುಟ್ಟಿಸಲು ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದನ್ನೇ ಇಬ್ಬರಿಗೂ ಮುಟ್ಟಿಸಿದರೆ ಆಗುವುದಿಲ್ಲ. ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ 15ನೇ ನಂಬರ್ ಹತ್ತಿ, ಮೇಲಿನ ಮಹಡಿಯ ಮುಂದಿನ ಸೀಟು ಹಿಡಿದರೆ, ಸೇಂಟ್ ಪಾಲ್ಸ್ ಚರ್ಚ್ ದಾಟಿ ಲಂಡನ್ ಟವರ್ ಕೋಟೆಯವರೆಗೂ ಕೂತಲ್ಲೇ ಊರು ನೋಡಬಹುದು. ಟೂರಿಸ್ಟ್ ಬಸ್ಸಿಗೆ ಕೊಡುವ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ.

ಆದರೆ ನಿಜವಾದ ತಲೆನೋವು ಶನಿವಾರ ಭಾನುವಾರದ್ದಲ್ಲ, ಮಿಕ್ಕ ಐದು ದಿನದ್ದು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರಿಬ್ಬರೇ. ಊರಿನಲ್ಲಾದರೆ ಬೆಳಗಾದರೆ ಪೇಪರ್‌ನವನು, ತರಕಾರಿಯವಳು, ಪಕ್ಕದ ಮನೆಯವರು ಯಾರಾದರೂ ಮಾತಿಗೆ ಸಿಗುತ್ತಾರೆ. ಇಲ್ಲಿ ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಮೊದಲ ವಾರ ಎರಡು ಫಜೀತಿ ಆಯಿತು. ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಪ್ಪಾಗುತ್ತಿದ್ದ ಹಾಗೆ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಪೊಲೀಸರು ಬಂದೇ ಬಿಡುತ್ತಾರೆ ಅಂತ ಹೆದರಿ ಒಲೆ ಆರಿಸಿ, ಸೆರಗಿನಲ್ಲಿ ಗಾಳಿ ಬೀಸುತ್ತಾ ನನಗೆ ಫೋನ್ ಮಾಡಿದಳು. ಮರುದಿನ ಅಪ್ಪ ಕಸದ ಡಬ್ಬಿ ಹೊರಗಿಡಲು ಹೋದರು, ಬಾಗಿಲು ತಾನಾಗಿ ಹಾಕಿಕೊಂಡಿತು. ಇಲ್ಲಿನ ಬಾಗಿಲೇ ಹಾಗೆ, ಎಳೆದರೆ ಸಾಕು, ಬೀಗ ಬಿದ್ದ ಹಾಗೇ. ಮೇಲೆ ಅಮ್ಮನಿಗೆ ಗಾಢ ನಿದ್ದೆ. ಅಪ್ಪ ಲುಂಗಿಯಲ್ಲೇ ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತಿದ್ದರು. ಅವತ್ತೇ ಅವರ ಕುತ್ತಿಗೆಗೆ ದಾರ ಕಟ್ಟಿ ಕೀಲಿ ನೇತುಹಾಕಿದೆ. ನಿಮ್ಮ ಮನೆಗೆ ಯಾರಾದರೂ ಬಂದರೆ ಮೊದಲ ದಿನವೇ ಅಲಾರ್ಮ್ ನಿಲ್ಲಿಸುವುದು ಹೇಗೆ, ಬಾಗಿಲು ತೆಗೆಯುವುದು ಹೇಗೆ ಅಂತ ಅವರ ಕೈಯಲ್ಲೇ ಮಾಡಿಸಿ ನೋಡಿ. ಬಾಯಲ್ಲಿ ಹೇಳಿದರೆ ಸಾಲದು.

ಎರಡನೇ ವಾರ ಅಪ್ಪನಿಗೆ ಒಂದೇ ಒಂದು ಬಸ್ ಕಲಿಸಿದೆ. 104, ಈಸ್ಟ್ ಹ್ಯಾಮ್‌ನಿಂದ ಸ್ಟ್ರಾಟ್‌ಫರ್ಡ್‌ಗೆ. ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಸ್ಟ್ರಾಟ್‌ಫರ್ಡ್ ಕೊನೆಯ ಸ್ಟಾಪು, ಎಲ್ಲಿ ಇಳಿಯಬೇಕು ಅನ್ನುವ ಗಾಬರಿಯೇ ಇಲ್ಲ. ಎರಡು ಸಲ ಜೊತೆಗೆ ಹೋದೆ, ಮೂರನೇ ಸಲ ಅವರನ್ನೇ ಕಳಿಸಿದೆ. ವಾಪಸ್ ಬಂದವರ ಮುಖ ನೋಡಬೇಕಿತ್ತು. ಆಮೇಲೆ ದಿನಾ ಹನ್ನೊಂದಕ್ಕೆ ಇಬ್ಬರೂ ಹೊರಡುತ್ತಿದ್ದರು. ಡಬ್ಬಿಯಲ್ಲಿ ಚಿತ್ರಾನ್ನ, ಯಾವುದಾದರೂ ಬೆಂಚಿನ ಮೇಲೆ ಊಟ.

ಅಮ್ಮನ ಇನ್ನೊಂದು ಗೋಳು ಸಂಜೆ ದೀಪದ್ದು. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ. "ಬೆಳಕಿರುವಾಗ ಹೆಂಗೆ ದೀಪ ಹಚ್ಚೋದು?" ಅಂತ ಮೂರು ದಿನ ಕಾದಳು. ನಾಲ್ಕನೇ ದಿನ ಪರದೆ ಎಳೆದು ಏಳು ಗಂಟೆಗೇ ಹಚ್ಚಿದಳು.

ಊರು ತೋರಿಸಿದ್ದರಲ್ಲಿ ಯಾವುದು ಹಿಡಿಸಿತು? ಟವರ್‌ನಲ್ಲಿ ಕೊಹಿನೂರ್ ಇರುವ ಕಿರೀಟದ ಮುಂದೆ ಚಲಿಸುವ ಪಟ್ಟಿಯ ಮೇಲೆ ನಿಂತು ಸಾಗಬೇಕು. "ಇಷ್ಟೇನಾ?" ಅಂದಳು ಅಮ್ಮ. ಟಿಕೆಟ್ ಎಷ್ಟು ಅಂತ ನಾನು ಹೇಳಲಿಲ್ಲ. ದುಡ್ಡಿಲ್ಲದೆ ಒಳಗೆ ಬಿಡುವ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮಾತ್ರ ಅಪ್ಪ ಅಲ್ಲಾಡಲಿಲ್ಲ. ಅಲ್ಲಿ ಟಿಪ್ಪುವಿನ ಮರದ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಹೊತ್ತು ತಂದದ್ದು. ಕೆಳಗೆ ಬಿದ್ದ ಬಿಳಿಯ ಸೈನಿಕನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕೆಯಲ್ಲೊಂದು ಹಿಡಿ, ಅದನ್ನು ತಿರುಗಿಸಿದರೆ ಸೈನಿಕ ಕೈ ಎತ್ತಿ ನರಳುತ್ತಾನಂತೆ. ಈಗ ಗಾಜಿನೊಳಗಿದೆ, ತಿರುಗಿಸುವ ಹಾಗಿಲ್ಲ. ಅಪ್ಪ ನಾಲ್ಕು ಸುತ್ತು ಬಂದು, ಪಕ್ಕದಲ್ಲಿ ನಿಂತಿದ್ದ ಬಿಳಿ ಹುಡುಗನಿಗೆ "ಮೈ ಪ್ಲೇಸ್, ಮೈ ಪ್ಲೇಸ್" ಅಂತ ಎದೆ ಮುಟ್ಟಿ ತೋರಿಸಿದರು. ಹುಡುಗ ನಕ್ಕ. ಮಂಡ್ಯದಿಂದ ಶ್ರೀರಂಗಪಟ್ಟಣ ಎಷ್ಟು ಹತ್ತಿರ ಅಂತ ಅವನಿಗೆ ಏನು ಗೊತ್ತು.

ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಬಸವಣ್ಣನ ಮೂರ್ತಿಗೂ ಹೋದೆವು, 2015ರಲ್ಲಿ ಅನಾವರಣ ಆದದ್ದು. ಸುತ್ತ ಜಾಗಿಂಗ್ ಮಾಡುವವರ ಓಡಾಟ, ನಡುವೆ ಅಪ್ಪ ಶೂ ಬಿಚ್ಚಿಟ್ಟು ಕೈ ಮುಗಿದರು.

ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಪೇಡ ಬೇಡ ಅಂದದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಚಟ್ನಿಪುಡಿ, ಕೋಡುಬಳೆ ಮಾತ್ರ ಬಂದವು.

ಬಸ್ಸಿನಲ್ಲಿ ಮುಟ್ಟಿಸುತ್ತಿದ್ದ ಅಪ್ಪನ ಆಯ್ಸ್ಟರ್ ಕಾರ್ಡ್ ನನ್ನ ಡ್ರಾಯರ್‌ನಲ್ಲಿದೆ, ಆರು ಪೌಂಡ್ ಉಳಿದಿದೆ. ಮುಂದಿನ ಸಲ ಚಿಕ್ಕಮ್ಮ ಬರುತ್ತಾರಂತೆ. ಮೊನ್ನೆ ಫೋನಿನಲ್ಲಿ ಅಪ್ಪ ಆಗಲೇ ಅವರಿಗೆ ಪಾಠ ಶುರು ಮಾಡಿದ್ದರು: "104 ಹತ್ತು, ಮೇಲಕ್ಕೆ ಹೋಗು, ಮುಂದಿನ ಸೀಟು ಹಿಡಿ."