ಕುಲಪತಿಯ ಮೇಜಿನ ಮೇಲೆ ಒಂದು ಅಂಕಪಟ್ಟಿ

ಕುಲಪತಿ ಆಗೋದು ಹೇಗೆ ಅಂತ ಕಿರಿಯ ಪ್ರಾಧ್ಯಾಪಕರು, ರಾಜ್ಯ ವಿಶ್ವವಿದ್ಯಾಲಯವೊಂದರ ಕುಲಪತಿಯಾಗಿದ್ದ ನನ್ನನ್ನು ಆಗಾಗ ಕೇಳುತ್ತಾರೆ. ಅದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಸರ್ಕಾರ ಶೋಧನಾ ಸಮಿತಿ ಮಾಡುತ್ತದೆ. ಅದರಲ್ಲಿ ನಾಲ್ಕು ಜನ. ಕುಲಾಧಿಪತಿಗಳಾದ ರಾಜ್ಯಪಾಲರ ಕಡೆಯಿಂದ ಒಬ್ಬರು, ಯುಜಿಸಿಯಿಂದ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಒಬ್ಬರು, ಸರ್ಕಾರದಿಂದ ಒಬ್ಬರು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನಿಂದ ಒಬ್ಬರು. ಅವರು ಮೂರು ಹೆಸರು ಆರಿಸಿ ಅಕ್ಷರಕ್ರಮದಲ್ಲಿ ಕೊಡುತ್ತಾರೆ. ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಅವಧಿ 4 ವರ್ಷ, ಇಲ್ಲವೇ ವಯಸ್ಸು 67 ತುಂಬುವವರೆಗೆ, ಯಾವುದು ಮೊದಲೋ ಅದು.

ಆ ನಾಲ್ಕು ವರ್ಷ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ನಾನು ಏನು ಮಾಡಿದೆ ಅನ್ನೋದನ್ನು ಬರೆಯುತ್ತೇನೆ.

ನಾನು ತಾಲೂಕು ಕೇಂದ್ರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ ವೃತ್ತಿ ಶುರು ಮಾಡಿದವಳು. ಆಮೇಲೆ ವಿಶ್ವವಿದ್ಯಾಲಯಕ್ಕೆ ಬಂದು ರೀಡರ್, ಪ್ರೊಫೆಸರ್, ವಿಭಾಗದ ಅಧ್ಯಕ್ಷೆ, ಡೀನ್ ಎಲ್ಲ ಆದೆ. ಕೆಲವು ಕಾಲ ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವೆಯಾಗಿದ್ದೆ. ಇವುಗಳಲ್ಲಿ ನನ್ನನ್ನು ಕುಲಪತಿ ಕೆಲಸಕ್ಕೆ ತಯಾರು ಮಾಡಿದ್ದು ಎರಡೇ. ಮೊದಲನೆಯದು ಆ ತಾಲೂಕು ಕಾಲೇಜು, ಎರಡನೆಯದು ಪರೀಕ್ಷಾ ವಿಭಾಗ.

ಯಾಕೆ ಅಂತ ಹೇಳುತ್ತೇನೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಅದರ ಬುನಾದಿ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕುವೆಂಪು ಕುಲಪತಿಯಾಗಿದ್ದಾಗ ಮಾನಸಗಂಗೋತ್ರಿ ಕಟ್ಟಿದರು. ಡಿ.ಸಿ. ಪಾವಟೆ ಕುಲಪತಿಯಾಗಿ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಬೆಳೆಸಿದರು. ಕುಲಪತಿ ಅಂದರೆ ಕ್ಯಾಂಪಸ್ ಕಟ್ಟುವವರು, ವಿಭಾಗ ಬೆಳೆಸುವವರು ಅನ್ನೋ ಕಲ್ಪನೆ ನಮಗೆ ಅವರಿಂದ ಬಂದದ್ದು. ಆ ಕೆಲಸದ ಮೇಲೆ ನನಗೆ ಇವತ್ತಿಗೂ ತುಂಬಾ ಗೌರವ. ಆದರೆ ಈಗಿನ ರಾಜ್ಯ ವಿಶ್ವವಿದ್ಯಾಲಯದ ಬಹುಪಾಲು ಮಕ್ಕಳು ಕ್ಯಾಂಪಸ್ಸನ್ನು ನೋಡಿಯೇ ಇರುವುದಿಲ್ಲ. ಅವರು ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಬೇರೆ ಬೇರೆ ಊರಿನ ಸಂಯೋಜಿತ ಕಾಲೇಜುಗಳಲ್ಲಿ ಬಿಎ, ಬಿಕಾಂ, ಬಿಎಸ್ಸಿ ಓದುತ್ತಾರೆ. ಅವರ ಪಾಲಿಗೆ ವಿಶ್ವವಿದ್ಯಾಲಯ ಅಂದರೆ ಹಾಲ್ ಟಿಕೆಟ್, ಫಲಿತಾಂಶ ಮತ್ತು ಅಂಕಪಟ್ಟಿ. ಈ ಮೂರು ಸರಿಯಾಗಿ, ಸಮಯಕ್ಕೆ ಸಿಗದಿದ್ದರೆ ನಾವು ಎಷ್ಟು ವಿಚಾರ ಸಂಕಿರಣ ಮಾಡಿದರೂ ಅವರಿಗೆ ಏನು ಪ್ರಯೋಜನ?

ಅಧಿಕಾರ ವಹಿಸಿಕೊಂಡ ಹೊಸತರಲ್ಲಿ ಒಬ್ಬ ಹುಡುಗಿ ಅಪ್ಪನ ಜೊತೆ ನನ್ನ ಕೊಠಡಿಗೆ ಬಂದಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿನಿ. ಬಿಎಡ್ ಸೀಟು ಸಿಗುವ ಹಂತದಲ್ಲಿತ್ತು. ಕೊನೆಯ ಸೆಮಿಸ್ಟರಿನ ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ಇತಿಹಾಸದ ಒಂದು ಪತ್ರಿಕೆಯಲ್ಲಿ ಮಾತ್ರ ಗೈರುಹಾಜರಿ ಅಂತ ಬಂದಿತ್ತು. "ನಾನು ಬರೆದಿದ್ದೀನಿ ಮೇಡಂ, ಹೆಚ್ಚುವರಿ ಹಾಳೆ ಕೂಡ ತಗೊಂಡಿದ್ದೆ" ಅಂದಳು. ಅವಳ ಅರ್ಜಿ ಮೂರು ಮೇಜು ದಾಟಿ ನಾಲ್ಕನೆಯದರಲ್ಲಿ ನಿಂತಿತ್ತು.

ನಾನು ಅವರನ್ನು ಕರೆದುಕೊಂಡು ಪರೀಕ್ಷಾ ವಿಭಾಗಕ್ಕೆ ನಡೆದೆ. ಉತ್ತರ ಪತ್ರಿಕೆಯ ಮುಖಪುಟದಲ್ಲಿ ವಿದ್ಯಾರ್ಥಿ ನೋಂದಣಿ ಸಂಖ್ಯೆ ಬರೆಯುತ್ತಾರೆ. ಮೌಲ್ಯಮಾಪನಕ್ಕೆ ಮುಂಚೆ ಆ ಭಾಗ ಬೇರೆ ಮಾಡಿ ಪತ್ರಿಕೆಗೆ ಕೋಡ್ ಸಂಖ್ಯೆ ಕೊಡುತ್ತಾರೆ. ಅಂಕ ಬಿದ್ದ ಮೇಲೆ ಡಿಕೋಡ್ ಮಾಡಿ ನೋಂದಣಿ ಸಂಖ್ಯೆಗೆ ಸೇರಿಸುತ್ತಾರೆ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಆ ಅಂಕಗಳು ಯಾರಿಗೂ ಸೇರದೆ ಉಳಿಯುತ್ತವೆ. ಕಂಪ್ಯೂಟರ್ ಅವಳನ್ನು ಗೈರು ಅನ್ನುತ್ತದೆ. ಪರೀಕ್ಷಾ ಕೊಠಡಿಯ ಹಾಜರಿ ಪಟ್ಟಿ ತೆಗೆಸಿದೆವು. ಅವಳ ಸಹಿ ಇತ್ತು, ಸಹಿಯ ಪಕ್ಕದಲ್ಲಿ ಉತ್ತರ ಪತ್ರಿಕೆಯ ಕ್ರಮಸಂಖ್ಯೆಯೂ ಇತ್ತು. ಆ ಕ್ರಮಸಂಖ್ಯೆ ಹಿಡಿದು ಹುಡುಕಿದಾಗ ಪತ್ರಿಕೆ ಸಿಕ್ಕಿತು. ಅವಳು 7 ಬರೆಯುವ ಕಡೆ 1 ಬರೆದಿದ್ದಳು. ಅವತ್ತೇ ಅಂಕ ಸೇರಿಸಿ, ಕುಲಸಚಿವರ ಸಹಿಯೊಂದಿಗೆ ತಾತ್ಕಾಲಿಕ ಅಂಕಪಟ್ಟಿ ಕೊಟ್ಟು ಕಳಿಸಿದೆವು.

ಒಬ್ಬಳಿಗೆ ಸಿಕ್ಕಿತು, ಸರಿ. ಕುಲಪತಿಯ ಕೊಠಡಿವರೆಗೆ ಬರಲಾಗದ ಮಕ್ಕಳ ಗತಿ ಏನು? ಬಸ್ಸಿಗೆ ದುಡ್ಡು ಹೊಂದಿಸಲಾಗದವರು, ಗೇಟಿನಲ್ಲೇ ವಾಪಸ್ ಹೋದವರು ಎಷ್ಟೋ ಜನ. ಹಾಗಾಗಿ ಮೌಲ್ಯಮಾಪನ ಕುಲಸಚಿವರ ಜೊತೆ ಕೂತು ಒಂದು ನಿಯಮ ಮಾಡಿದೆವು. ಫಲಿತಾಂಶ ಪ್ರಕಟಿಸುವ ಮುಂಚೆ, ಉಳಿದೆಲ್ಲ ಪತ್ರಿಕೆ ಬರೆದು ಒಂದರಲ್ಲಿ ಮಾತ್ರ ಗೈರು ಅಂತ ತೋರಿಸುವವರ ಪಟ್ಟಿ ತೆಗೆಯಬೇಕು. ಅದನ್ನು ಹಾಜರಿ ಪಟ್ಟಿಯ ಜೊತೆ ತಾಳೆ ನೋಡಬೇಕು. ಆಂತರಿಕ ಅಂಕ ಬಾರದೆ ತಡೆಹಿಡಿದ ಫಲಿತಾಂಶಗಳ ಪಟ್ಟಿಯನ್ನು ಕಾಲೇಜುವಾರು ಮಾಡಿ ಪ್ರಾಂಶುಪಾಲರಿಗೆ ಫೋನ್ ಮಾಡಬೇಕು. ಪತ್ರ ಬರೆದು ಕೂರುವುದು ಬೇಡ, ಫೋನ್ ಮಾಡಬೇಕು. ಈಗ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ತಂತ್ರಾಂಶವಾದ ಯುಯುಸಿಎಂಎಸ್ ಬಂದ ಮೇಲೆ ಆಂತರಿಕ ಅಂಕಗಳನ್ನು ಕಾಲೇಜಿನವರೇ ಆನ್‌ಲೈನ್‌ನಲ್ಲಿ ತುಂಬುತ್ತಾರೆ. ಆದರೂ ತುಂಬದೆ ಉಳಿಯುವುದು ಇದ್ದೇ ಇದೆ. ತಂತ್ರಾಂಶ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಬೆನ್ನು ಹತ್ತಿ ಕೇಳುವ ಒಬ್ಬ ಮನುಷ್ಯ ಬೇಕೇ ಬೇಕು.

ಕಡತಗಳ ವಿಷಯದಲ್ಲಿ ನಾನು ಒಂದು ಪಟ್ಟು ಹಿಡಿದಿದ್ದೆ. ನಮ್ಮಲ್ಲಿ ಕಡತ ವಿಷಯ ನಿರ್ವಾಹಕರಿಂದ, ಅಂದರೆ ಅದನ್ನು ತಯಾರಿಸುವ ಗುಮಾಸ್ತರಿಂದ, ಹೊರಟು ಅಧೀಕ್ಷಕರು, ಸಹಾಯಕ ಕುಲಸಚಿವರು, ಉಪ ಕುಲಸಚಿವರು, ಕುಲಸಚಿವರು ಅಂತ ಮೇಲೇರಿ ಬರುತ್ತದೆ. ಪ್ರತಿಯೊಬ್ಬರೂ "ಆದೇಶಕ್ಕಾಗಿ ಮಂಡಿಸಿದೆ" ಅಂತ ಸಹಿ ಹಾಕಿರುತ್ತಾರೆ. ಏನು ಮಾಡಬೇಕು ಅಂತ ಒಬ್ಬರೂ ಬರೆದಿರುವುದಿಲ್ಲ. ನಾನು ಅಂಥ ಕಡತವನ್ನು ವಾಪಸ್ ಕಳಿಸುತ್ತಿರಲಿಲ್ಲ, ಕಳಿಸಿದರೆ ಮತ್ತೆ ಒಂದು ತಿಂಗಳು ಹೋಗುತ್ತದೆ. ವಿಷಯ ನಿರ್ವಾಹಕರನ್ನೇ ಕರೆಸಿ ಕೂರಿಸಿ ಕೇಳುತ್ತಿದ್ದೆ. ನಿಯಮ ಯಾವುದು, ಹಿಂದೆ ಇಂಥದ್ದು ಬಂದಾಗ ಏನು ಮಾಡಿದ್ದರು, ನಿಮಗೇನು ಅನಿಸುತ್ತದೆ ಅಂತ. ಮೊದಮೊದಲು ಹೆದರುತ್ತಿದ್ದರು. ಕುಲಪತಿಯ ಎದುರು ಕುರ್ಚಿಯಲ್ಲಿ ಕೂರುವುದೇ ಅವರಿಗೆ ಕಷ್ಟವಾಗಿತ್ತು. ಬರುಬರುತ್ತಾ ಕಡತದಲ್ಲೇ ಸ್ಪಷ್ಟವಾಗಿ ಬರೆಯತೊಡಗಿದರು. ಆ ಗುಮಾಸ್ತರಿಗೆ ಗೊತ್ತಿದ್ದಷ್ಟು ನಿಯಮ ನಮ್ಮ ಎಷ್ಟೋ ಡೀನ್‌ಗಳಿಗೆ ಗೊತ್ತಿರಲಿಲ್ಲ.

ಸಿಂಡಿಕೇಟ್ ಸಭೆಯಲ್ಲಿ ಹುಷಾರಾಗಿರಬೇಕಾದದ್ದು ಕೊನೆಯ ಬಾಬತ್ತಿಗೆ. "ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು" ಅಂತ ಒಂದು ಇರುತ್ತದೆ. ಊಟದ ಹೊತ್ತಾಗಿ ಎಲ್ಲರಿಗೂ ಹಸಿವಾಗಿರುತ್ತದೆ. ಆಗ ಮೇಜಿನ ಮೇಲೆ ಹೊಸ ಹಾಳೆಗಳು ಬರುತ್ತವೆ. ಟೆಂಡರ್, ನೇಮಕಾತಿ, ಕಾಲೇಜಿನ ಸಂಯೋಜನೆ. ಓದಲು ಸಮಯವಿರುವುದಿಲ್ಲ. ನ್ಯಾಯಾಲಯದ ಗಡುವು ಇರುವ ವಿಷಯ ಬಿಟ್ಟು ಬೇರೆ ಯಾವುದನ್ನೂ ಹಾಗೆ ತರುವಂತಿಲ್ಲ ಅಂತ ಮೊದಲ ಸಭೆಯಲ್ಲೇ ಹೇಳಿದೆ. ಸದಸ್ಯರಲ್ಲಿ ಕೆಲವರಿಗೆ ಬೇಸರವಾಯಿತು. ಬೆಂಗಳೂರಿಗೆ ದೂರೂ ಹೋಯಿತು. ನಾನು ಕಾರಣ ಬರೆದು ಉತ್ತರ ಕೊಟ್ಟೆ, ಅಲ್ಲಿಗೆ ಮುಗಿಯಿತು. ನಿಯಮವನ್ನು ಮೊದಲ ದಿನವೇ ಹೇಳಿದರೆ ಅದು ಯಾರ ಮೇಲಿನ ಸಿಟ್ಟೂ ಆಗುವುದಿಲ್ಲ. ಆರು ತಿಂಗಳು ಬಿಟ್ಟು ಹೇಳಿದರೆ ನನ್ನ ಕಡತಕ್ಕೇ ಯಾಕೆ ಅಂತ ಕೇಳುತ್ತಾರೆ.

ಶ್ರೇಣಿ ಕೊಡುವ ನ್ಯಾಕ್ ಮೌಲ್ಯಾಂಕನ, ಘಟಿಕೋತ್ಸವ, ಗೌರವ ಡಾಕ್ಟರೇಟಿಗೆ ಬರುವ ಶಿಫಾರಸು ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ನಿದ್ದೆ ಕೆಡಿಸಿದ್ದು ದುಡ್ಡು, ಅದರಲ್ಲೂ ಪಿಂಚಣಿ.

ರಾಜ್ಯ ವಿಶ್ವವಿದ್ಯಾಲಯದ ಸ್ವಂತ ಆದಾಯ ಅಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ ಮತ್ತು ಸಂಯೋಜನಾ ಶುಲ್ಕ. ಎರಡೂ ಸಂಯೋಜಿತ ಕಾಲೇಜುಗಳಿಂದ ಬರುವಂಥವು. ಹೊಸ ವಿಶ್ವವಿದ್ಯಾಲಯ ಆದಾಗ ಆ ಜಿಲ್ಲೆಯ ಕಾಲೇಜುಗಳು ಅಲ್ಲಿಗೆ ಹೋಗುತ್ತವೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಆಮೇಲೆ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳಿಗೆ ಒಂದೊಂದು ಬಂತು. ಹತ್ತಿರದಲ್ಲಿ ವಿಶ್ವವಿದ್ಯಾಲಯ ಇರಲಿ ಅನ್ನೋ ಆಸೆ ನ್ಯಾಯವಾದದ್ದೇ. ಆದರೆ ಆಸ್ತಿ ಪಾಲಾದ ಮನೆಯ ಹಾಗೆ, ಗದ್ದೆ ಹಂಚಿಹೋದರೂ ಹಿರಿಯರನ್ನು ನೋಡಿಕೊಳ್ಳುವ ಖರ್ಚು ಹಳೇ ಮನೆಯಲ್ಲೇ ಉಳಿಯುತ್ತದೆ. ನಿವೃತ್ತರು ಹಳೆಯ ವಿಶ್ವವಿದ್ಯಾಲಯದವರು ತಾನೇ. ಆದಾಯ ಇಳಿಯುತ್ತದೆ, ಪಿಂಚಣಿ ಏರುತ್ತದೆ. ಪಿಂಚಣಿಗೆ ಅನುದಾನ ಸಾಲದೆ ಬಂದಾಗ ಸ್ವಂತ ಆದಾಯದಿಂದ ತುಂಬಿಸಬೇಕು. ಹಾಗೆ ತುಂಬಿಸಿದರೆ ಅತಿಥಿ ಉಪನ್ಯಾಸಕರ ಗೌರವಧನ ತಡವಾಗುತ್ತದೆ.

ಇದಕ್ಕೆ ನನ್ನ ಹತ್ತಿರ ಪೂರ್ತಿ ಪರಿಹಾರ ಇರಲಿಲ್ಲ, ಒಬ್ಬ ಕುಲಪತಿಯ ಕೈಯಲ್ಲಿ ಅದು ಇಲ್ಲವೂ ಇಲ್ಲ. ನಾನು ಮಾಡಿದ್ದು ಇಷ್ಟು. ಪಾವತಿಗೆ ಒಂದು ಸರದಿ ಬರೆದು ಹಣಕಾಸು ಅಧಿಕಾರಿಗೆ ಕೊಟ್ಟೆ. ಮೊದಲು ಪಿಂಚಣಿ ಮತ್ತು ಅತಿಥಿ ಉಪನ್ಯಾಸಕರು, ಆಮೇಲೆ ಮೌಲ್ಯಮಾಪಕರ ಸಂಭಾವನೆ, ಆಮೇಲೆ ಗುತ್ತಿಗೆದಾರರು. ಹೊಸ ಕಟ್ಟಡ ಕೊನೆಗೆ. ನನ್ನ ಅವಧಿಯಲ್ಲಿ ನನ್ನ ಹೆಸರಿನ ಶಂಕುಸ್ಥಾಪನೆ ಕಲ್ಲು ಜಾಸ್ತಿ ಬೀಳಲಿಲ್ಲ. ಹಾಸ್ಟೆಲಿನ ನೀರಿನ ಪೈಪು ಮಾತ್ರ ಪೂರ್ತಿ ಬದಲಾಯಿತು.

ಅದಕ್ಕೂ ಒಂದು ಧರಣಿಯೇ ಆಗಬೇಕಾಯಿತು. ಹುಡುಗರು ಆಡಳಿತ ಸೌಧದ ಮೆಟ್ಟಿಲ ಮೇಲೆ ಕೂತಿದ್ದರು. ಭದ್ರತೆಯವರು ಹಿಂಬಾಗಿಲಿಂದ ಹೋಗೋಣ ಮೇಡಂ ಅಂದರು. ನಾನು ಮುಂಬಾಗಿಲಿಂದಲೇ ಹೋಗಿ ಅವರ ಜೊತೆ ಮೆಟ್ಟಿಲ ಮೇಲೆ ಕೂತೆ. ಸುಮ್ನೆ ಕೇಳಿಸಿಕೊಂಡೆ. ಎಂಜಿನಿಯರನ್ನು ಅಲ್ಲಿಗೇ ಕರೆಸಿ ಯಾವತ್ತು ಮುಗಿಯುತ್ತದೆ ಅಂತ ಎಲ್ಲರ ಎದುರು ತಾರೀಕು ಹೇಳಿಸಿದೆ. ಮಕ್ಕಳಿಗೆ ಭರವಸೆಗಿಂತ ತಾರೀಕು ಬೇಕಿರುತ್ತದೆ, ಅಲ್ವಾ?

ನನ್ನ ಅವಧಿ ಮುಗಿದಾಗ ಹೊಸ ನೇಮಕ ಆಗಿರಲಿಲ್ಲ. ಹಿರಿಯ ಡೀನ್ ಒಬ್ಬರು ಹಂಗಾಮಿ ಕುಲಪತಿಯಾದರು. ಅಧಿಕಾರ ಹಸ್ತಾಂತರ ಅಂದರೆ ಸಾಮಾನ್ಯವಾಗಿ ಒಂದು ಸಹಿ, ಒಂದು ಹೂಗುಚ್ಛ, ಒಂದು ಫೋಟೋ. ನಾನು ಅದರ ಜೊತೆಗೆ ಒಂದು ಟಿಪ್ಪಣಿ ಕೊಟ್ಟೆ. ಯಾವ ಸೆಮಿಸ್ಟರಿನ ಯಾವ ವಿಷಯದ ಮೌಲ್ಯಮಾಪನ ಬಾಕಿ ಇದೆ, ಯಾವ ನ್ಯಾಯಾಂಗ ನಿಂದನೆ ಪ್ರಕರಣದ ವಿಚಾರಣೆ ಯಾವತ್ತು, ಯಾವ ಬಿಲ್ಲು ಯಾರಿಗೆ ಕೊಡಬೇಕು ಎಲ್ಲ ಅದರಲ್ಲಿತ್ತು. ಪಿಂಚಣಿ ಅನುದಾನಕ್ಕಾಗಿ ಸರ್ಕಾರಕ್ಕೆ ಬರೆದ ಪತ್ರಗಳ ಪ್ರತಿಗಳನ್ನೂ ಲಗತ್ತಿಸಿದ್ದೆ. ಮುಂದಿನದನ್ನು ನವೆಂಬರ್ ಒಳಗೇ ಕಳಿಸಿ, ಬಜೆಟ್ ತಯಾರಿ ಶುರುವಾದ ಮೇಲೆ ಕಳಿಸಿದರೆ ಯಾರೂ ಓದುವುದಿಲ್ಲ ಅಂತ ಅವರಿಗೆ ಹೇಳಿ ಬಂದೆ.