ಒಸಿಐ, ಪ್ಯಾನ್, ಆಧಾರ್, ಪಿಎಫ್: ನಾನು ಮಾಡಿಸಿಕೊಂಡ ಕ್ರಮ

ಹುಟ್ಟಿದ್ದು ಕರ್ನಾಟಕದಲ್ಲಿ, ಬೆಳೆದದ್ದು ಹೊರದೇಶದಲ್ಲಿ, ಕೈಯಲ್ಲಿರುವುದು ಆ ದೇಶದ ಪಾಸ್‌ಪೋರ್ಟ್. ಇಂಥವರು ಭಾರತದಲ್ಲಿ ಕೆಲಸಕ್ಕೆ ಸೇರಬೇಕಾದರೆ ಏನೇನು ಬೇಕು ಎಂಬುದನ್ನು ನಾನು ಮಾಡಿಸಿಕೊಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ದ್ವಿಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ನಮ್ಮಂಥವರಿಗೆ ಇರುವುದು ಒಸಿಐ, ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡ್. ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ ಅದು ಪೌರತ್ವವಲ್ಲ, ಜೀವಮಾನದ ವೀಸಾ. ಖಾಸಗಿ ಕಂಪನಿಯ ಕೆಲಸಕ್ಕೆ ಬೇರೆ ವೀಸಾ ಬೇಡ, ವಿದೇಶಿಯರ ನೋಂದಣಿ ಕಚೇರಿಗೆ ಹೋಗುವುದೂ ಬೇಡ. ಮತದಾನ, ಸರ್ಕಾರಿ ನೌಕರಿ, ಕೃಷಿ ಜಮೀನು ಖರೀದಿ ಇವಕ್ಕೆ ಅವಕಾಶವಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯಂತೆ ಸಂಶೋಧನೆಗೂ ಪತ್ರಿಕೋದ್ಯಮಕ್ಕೂ ವಿಶೇಷ ಪರವಾನಗಿ ಬೇಕು. ಸಂಶೋಧನೆಗೆಂದು ಬರುವವರು ಇದನ್ನು ನೋಡಿಕೊಳ್ಳದೆ ಕರಾರಿಗೆ ಸಹಿ ಹಾಕಬೇಡಿ.

ಯಾವ ಅರ್ಜಿ ಹಾಕುವ ಮೊದಲೂ ಹೆಸರನ್ನು ನೋಡಿಕೊಳ್ಳಬೇಕು. ಕೆಲಸ ಕೆಡುವುದು ಇಲ್ಲೇ. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ‘ಮಗುವಿನ ಹೆಸರು’ ಎಂಬ ಕಾಲಂ ಎಷ್ಟೋ ಸಲ ಖಾಲಿ. ನೋಂದಣಿ ಆಸ್ಪತ್ರೆಯಿಂದಲೇ ಆಗಿಬಿಡುತ್ತಿತ್ತು, ನಾಮಕರಣ ಆಮೇಲೆ. ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ‘ಸುಮಾ ಕೆ. ಆರ್.’ ಅಂತಿದ್ದರೆ, ವಿದೇಶಿ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿ ‘ಸುಮಾ ರಾಮಯ್ಯ’ ಅಂತ ಇರುತ್ತದೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆಬೇರೆ. ಇವನ್ನು ಜೋಡಿಸುವ ಕೊಂಡಿ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿದೆ. ಅಲ್ಲಿ ತಂದೆ, ತಾಯಿಯ ಹೆಸರಿರುತ್ತದೆ. ಜನನ ಪ್ರಮಾಣಪತ್ರದಲ್ಲೂ ಅವೇ ಇರುತ್ತವೆ. ಹಾಗಾಗಿ ಆ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡೆ. ಜೊತೆಗೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿದೆ. ಅದರಲ್ಲಿ ಹೆಸರುಗಳನ್ನು ಆಯಾ ದಾಖಲೆಯಲ್ಲಿ ಇರುವಂತೆಯೇ, ಚುಕ್ಕಿ ಮತ್ತು ಜಾಗ ಸಮೇತ, ಬರೆಸಬೇಕು.

ಪ್ರಮಾಣಪತ್ರದಲ್ಲಿ ಹೆಸರು ಸೇರಿಸಬಹುದಲ್ಲ ಎನ್ನುತ್ತಾರೆ. ಅದಕ್ಕೆ ನಿಯಮದಲ್ಲಿ ನೋಂದಣಿಯಾದ ದಿನದಿಂದ 15 ವರ್ಷದ ಮಿತಿ ಇದೆ. ಅದು ದಾಟಿದ್ದರೆ ಪ್ರಮಾಣಪತ್ರವನ್ನು ಹುಟ್ಟಿದ ದಿನ, ಊರು, ಹೆತ್ತವರ ಪುರಾವೆಯಾಗಿ ಮಾತ್ರ ಬಳಸಿ, ಹೆಸರಿನ ಭಾರವನ್ನು ಪಾಸ್‌ಪೋರ್ಟಿನ ಮೇಲೆ ಹಾಕುವುದೇ ಸರಿ.

ಒಸಿಐಗೂ ಮೊದಲು ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದ ಸರೆಂಡರ್ ಸರ್ಟಿಫಿಕೇಟ್ ಬೇಕು. ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ಪೌರತ್ವ ಬದಲಾದವರಿಗೂ ಅವರವರ ಹೆಸರಿನಲ್ಲೇ ಬೇಕಾಗುತ್ತದೆ. ಅಪ್ಪನದು ತೋರಿಸಿದರೆ ನಡೆಯುವುದಿಲ್ಲ. ‘ರದ್ದು’ ಎಂದು ಮುದ್ರೆ ಒತ್ತಿ ಪಾಸ್‌ಪೋರ್ಟ್ ವಾಪಸ್ ಕೊಡುತ್ತಾರೆ. ಅದನ್ನು ಜೋಪಾನ ಮಾಡಿ, ಮೂಲ ಭಾರತೀಯರು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ಒಸಿಐ ಅರ್ಜಿ ಆನ್‌ಲೈನ್, ಎ ಮತ್ತು ಬಿ ಎಂಬ ಎರಡು ಭಾಗ. ಹೆಸರನ್ನು ಈಗಿನ ವಿದೇಶಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿದೆ. ಹಳೆಯ ಹೆಸರನ್ನು ‘ಹೆಸರು ಬದಲಾಗಿದೆಯೇ’ ಎಂಬ ಪ್ರಶ್ನೆಗೆ ಹೌದು ಎಂದು ಅಲ್ಲಿ ಕೊಟ್ಟೆ. ಅಲ್ಲಿ ಇಲ್ಲ ಎಂದು ಹಾಕಿ ಅಫಿಡವಿಟ್ ಮಾತ್ರ ಲಗತ್ತಿಸಿದರೆ ಅರ್ಜಿಗೂ ದಾಖಲೆಗೂ ತಾಳೆಯಾಗುವುದಿಲ್ಲ. ಫೋಟೋ ಚೌಕ, ಹಿನ್ನೆಲೆ ತಿಳಿ ಬಣ್ಣ. ಅಪ್ಪಟ ಬಿಳಿ ಆಗದು. ಸಹಿಯ ಚಿತ್ರ ಎತ್ತರಕ್ಕೆ ಮೂರರಷ್ಟು ಅಗಲ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳು ಅವಧಿ ಉಳಿದಿರಬೇಕು. ಹೊರದೇಶದಿಂದ ಹಾಕಿದಾಗ ಶುಲ್ಕ 275 ಡಾಲರ್, ಸೇವಾ ಕೇಂದ್ರದ ಖರ್ಚು ಬೇರೆ.

ಕಾರ್ಡ್ ಬಂದ ಮೇಲೆ ಪ್ಯಾನ್. ನಾನು ಮಾಡಿಸಿದಾಗ ವಿದೇಶಿ ಪಾಸ್‌ಪೋರ್ಟ್ ಇರುವವರದು 49ಎ ಅಲ್ಲ, 49ಎಎ ಫಾರಂ ಆಗಿತ್ತು; ನಾನು ತುಂಬಿದ್ದು ಅದನ್ನೇ. ಹೆಸರಿನ ಕಾಲಂನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಪೂರ್ತಿ ಬಿಡಿಸಬೇಕು. ಬೇರೆ ಹೆಸರಿನಿಂದ ಗುರುತಿಸಿಕೊಂಡಿದ್ದಿರಾ ಎಂಬ ಪ್ರಶ್ನೆ ಇಲ್ಲೂ ಇದೆ, ಉತ್ತರ ಒಸಿಐ ಅರ್ಜಿಯಲ್ಲಿ ಕೊಟ್ಟದ್ದೇ ಆಗಿರಲಿ. ಪ್ಯಾನ್ ಕೊಡದಿದ್ದರೆ ತೆರಿಗೆ ಬೀಳುವ ಸಂಬಳದಲ್ಲಿ ಕನಿಷ್ಠ ಶೇ. 20 ಮುರಿದುಕೊಳ್ಳುತ್ತಾರೆ. ಸೇರುವ ಮೊದಲೇ ಮಾಡಿಸಿಕೊಳ್ಳುವುದು ಅದಕ್ಕೇ.

ಆಧಾರ್‌ಗೆ ಅವಸರಪಟ್ಟು ಪ್ರಯೋಜನವಿಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಒಸಿಐ ಇರುವವರ ಆಧಾರ್‌ಗೆ 10 ವರ್ಷದ ಅವಧಿ. ಎಚ್‌ಆರ್‌ನವರು ಸೇರಿದ ದಿನವೇ ಆಧಾರ್ ಕೇಳಿದರೆ ಈ ನಿಯಮ ತೋರಿಸಿ, ಪಾಸ್‌ಪೋರ್ಟ್ ಮತ್ತು ಒಸಿಐ ಕೊಡಿ.

ಪಿಎಫ್ ವಿಚಾರವನ್ನೂ ಆವತ್ತೇ ಎತ್ತಬೇಕು. ವಿದೇಶಿ ಪಾಸ್‌ಪೋರ್ಟ್ ಇರುವವರನ್ನು ಪಿಎಫ್ ಯೋಜನೆ ‘ಅಂತರರಾಷ್ಟ್ರೀಯ ಕಾರ್ಮಿಕ’ ಎಂದು ಪರಿಗಣಿಸುತ್ತದೆ, ಒಸಿಐ ಇದ್ದರೂ. ಅವರಿಗೆ 15,000 ರೂಪಾಯಿಯ ವೇತನ ಮಿತಿ ಅನ್ವಯಿಸದೆ, ಪೂರ್ತಿ ವೇತನದ ಮೇಲೆ ಶೇ. 12 ಕಡಿತವಾಗುತ್ತದೆ. ಈ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರಲ್ಲಿ ಅಸಾಂವಿಧಾನಿಕ ಎಂದಿತು. ನಿಮ್ಮ ಕಂಪನಿ ಯಾವ ಲೆಕ್ಕದಲ್ಲಿ ಮುರಿಯುತ್ತದೆ ಎಂಬುದನ್ನು ಮೊದಲ ಸಂಬಳಕ್ಕೆ ಮುಂಚೆಯೇ ಬರಹದಲ್ಲಿ ಕೇಳಿ ಪಡೆಯಿರಿ.