ಕಪ್ಪತಗುಡ್ಡವನ್ನು ಶಿರಹಟ್ಟಿಯ ಕಡೆಯಿಂದ ಹಿಡಿದದ್ದು: ನನ್ನ ಅನುಭವ

ಗದಗಿನಲ್ಲಿದ್ದುಕೊಂಡು ಗುಡ್ಡದ ಚಿತ್ರ ತೆಗೆಯುತ್ತೇನೆ ಎಂದಾಗ ಹುಬ್ಬಳ್ಳಿಯ ಚಾರಣದ ಗೆಳೆಯರು ನಕ್ಕಿದ್ದರು. "ಅದೇನ್ ಗುಡ್ಡರೀ, ದಿನ್ನಿ ಅದು. ಕ್ಯಾಮೆರಾ ತಗೊಂಡು ಚಿಕ್ಕಮಗಳೂರಿಗೆ ಹೋಗ್ರಿ" ಎಂಬುದು ಅವರ ಖಾಯಂ ಸಲಹೆಯಾಗಿತ್ತು. ಮುಳ್ಳಯ್ಯನಗಿರಿಯ 1,930 ಮೀಟರಿನ ಹತ್ತಿರಕ್ಕೂ ಕಪ್ಪತಗುಡ್ಡ ಬಾರದೆಂಬುದು ನಿಜ. ಆದರೆ ಕಳೆದ ಹಿಂಗಾರಿನಲ್ಲಿ ತೆಗೆದ ಚಿತ್ರವೊಂದನ್ನು ಊರಿನ ಹೆಸರು ಹೇಳದೆ ತೋರಿಸಿದಾಗ ಅದೇ ಗೆಳೆಯರಲ್ಲಿ ಒಬ್ಬರು ಕುದುರೆಮುಖವೆಂದರು, ಇನ್ನೊಬ್ಬರು ಕೊಡಚಾದ್ರಿಯೆಂದು ವಾದಿಸಿದರು. ಹಾಗಾಗಿ ಮಾಡಿದ್ದನ್ನು ಬರೆದಿಡುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಕಪ್ಪತಗುಡ್ಡಕ್ಕೆ ಕ್ಯಾಮೆರಾ ಹಿಡಿದು ಹೋಗುವ ಹೆಚ್ಚಿನವರು ಡಂಬಳ, ಡೋಣಿಯ ದಾರಿ ಹಿಡಿಯುತ್ತಾರೆ. ಅದು ಗುಡ್ಡದ ಪೂರ್ವದ ಮಗ್ಗುಲು. ಅಲ್ಲಿ ಬೆಳಗಿನ ಸೂರ್ಯ ನಮ್ಮ ಬೆನ್ನಿಗಿದ್ದು, ಬೆಳಕು ನೇರವಾಗಿ ಗುಡ್ಡದ ಮುಖಕ್ಕೆ ಬೀಳುವುದರಿಂದ ಹಿಂದುಮುಂದಿನ ಸಾಲುಗಳೆಲ್ಲ ಒಂದಕ್ಕೊಂದು ಅಂಟಿ, ಇಡೀ ಗುಡ್ಡ ಒಂದೇ ಹಸಿರು ಗೋಡೆಯಾಗಿ ಕಾಣುತ್ತದೆ. ನಾನೂ ಎರಡು ಮುಂಗಾರು ಹಾಗೆಯೇ ಕಳೆದೆ. ಪಶ್ಚಿಮಕ್ಕೆ, ಅಂದರೆ ಶಿರಹಟ್ಟಿ ತಾಲ್ಲೂಕಿನ ಕಡೆಗೆ ಬಂದು ಪೂರ್ವಕ್ಕೆ ಮುಖ ಮಾಡಿ ನಿಂತಾಗ ಎದುರು ಬೆಳಕಿನಲ್ಲಿ ಪ್ರತಿ ಸಾಲೂ ತನ್ನ ಅಂಚನ್ನು ಬಿಡಿಸಿಕೊಂಡು ನಿಲ್ಲುತ್ತದೆ. ಹತ್ತಿರದ್ದು ಕಪ್ಪು, ಅದರಾಚೆಯದು ನೀಲಿ, ಕೊನೆಯದು ಬರೀ ಬೂದಿಯ ಗೆರೆ. ಗುಡ್ಡದ ಸಾಲು ಗದಗಿನ ಬಳಿಯ ಬಿಂಕದಕಟ್ಟಿಯಿಂದ ಆಗ್ನೇಯಕ್ಕೆ ತುಂಗಭದ್ರೆಯತ್ತ ಚಾಚಿಕೊಂಡಿದೆ. ನವೆಂಬರ್ ಹೊತ್ತಿಗೆ ಸೂರ್ಯೋದಯವೂ ಆಗ್ನೇಯಕ್ಕೆ ಸರಿಯುವುದರಿಂದ, ವಾಯವ್ಯದ ತುದಿಯ ಕಡೆ ನಿಂತರೆ ಬೆಳಕು ಸಾಲಿನ ಉದ್ದಕ್ಕೂ ಹರಿದು ಬರುತ್ತದೆ. ನಾನು ನಿಲ್ಲುವ ದಿನ್ನೆ ಯಾವ ಊರಿನ ಹೊಲದಲ್ಲಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಹುಡುಕಿಕೊಳ್ಳಬೇಕು.

ಮೊದಲು ಎಲ್ಲರ ಮಾತು ಕೇಳಿ ವೈಡ್ ಲೆನ್ಸ್ ಕೊಂಡಿದ್ದೆ. ಸೆಕೆಂಡ್ ಹ್ಯಾಂಡ್‌ನಲ್ಲಿಯೇ ಇಪ್ಪತ್ನಾಲ್ಕು ಸಾವಿರವಾಗಿತ್ತೆಂದು ನೆನಪು. ಅದರಲ್ಲಿ ಆಕಾಶ ಮುಕ್ಕಾಲು, ಎರೆ ಹೊಲ ಕಾಲು ಭಾಗ, ನಡುವೆ ಗುಡ್ಡವೆಂಬುದು ಗೀರಿದ ಗೆರೆಯಷ್ಟು. ಹದಿನೈದು ಸಾವಿರಕ್ಕೆ ಅದನ್ನು ಕೊಟ್ಟು, ಅದೇ ದುಡ್ಡಿಗೆ ಒಂದಿಷ್ಟು ಸೇರಿಸಿ ದೂರದ್ದನ್ನು ಹತ್ತಿರಕ್ಕೆಳೆಯುವ ಹಳೆಯ 70-300 ಎಂಎಂ ಟೆಲಿ ಲೆನ್ಸ್ ತಂದೆ. ಗುಡ್ಡಕ್ಕೆ ಟೆಲಿ ಯಾಕೆ, ಅದು ಹಕ್ಕಿಗಳ ಲೆನ್ಸ್ ಎಂದು ಮತ್ತೆ ನಗೆ. ಏಳೆಂಟು ಕಿಲೋಮೀಟರ್ ದೂರದಿಂದ 200ರ ಮೇಲೆ ಹಿಡಿದಾಗ ಹಿಂದಿನ ಸಾಲು ಮುಂದಿನದರ ಹೆಗಲ ಮೇಲೆ ಏರಿ ನಿಂತಂತೆ ಕಾಣುವುದನ್ನು ಅವರು ಯಾರೂ ಹಿಡಿದು ನೋಡಿರಲಿಲ್ಲ. ಅದೇ ಲೆನ್ಸಿಗೆ ಮರುವರ್ಷದ ಮಳೆಗಾಲದಲ್ಲಿ ಬೂಸ್ಟು ಹಿಡಿದು, ತೆಗೆಸಲು ಎರಡು ಸಾವಿರದ ಮೇಲೆ ಹೋಯಿತು. ಈಗ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ಇನ್ನು ಕಾವಳದ, ಅಂದರೆ ಬೆಳಗಿನ ಮಂಜಿನ ಮಾತು. ಅದಿಲ್ಲದೆ ಈ ಚಿತ್ರಗಳಿಲ್ಲ, ಅದು ಬರುವ ಬೆಳಗು ಯಾವುದೆಂದು ಹಿಂದಿನ ಸಂಜೆಯೇ ಗೊತ್ತಾಗದಿದ್ದರೆ ಪೆಟ್ರೋಲ್ ದುಡ್ಡು ಹೊಳೆಯ ಪಾಲು. ಜುಲೈ, ಆಗಸ್ಟಿನಲ್ಲಿ ಮೋಡ ಗುಡ್ಡದ ತಲೆಯ ಮೇಲೆಯೇ ಕುಳಿತು ಜಿಟಿಜಿಟಿ ಹಿಡಿಯುವುದರಿಂದ ಏನೂ ಕಾಣುವುದಿಲ್ಲ. ಫೋನಿನ ಹವಾಮಾನದ ಆ್ಯಪ್‌ಗಳು ನಮ್ಮ ಭಾಗದ ಕಾವಳವನ್ನು ಹೇಳಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಕುರಿ ಕಾಯುವ ಹಿರಿಯರೊಬ್ಬರು ಹೇಳಿದ ಮಾತು ಕೆಲಸಕ್ಕೆ ಬಂತು: "ತಮ್ಮಾ, ಸಂಜಿಮುಂದ ಮಳಿ ಆಗಿ, ರಾತ್ರಿ ಚಿಕ್ಕಿ ಕಂಡ್ವು ಅಂದ್ರ ಮುಂಜಾನೆ ಕಾವಳ ಬೀಳತೈತಿ." ನೆಲ ಹಸಿಯಾಗಿರಬೇಕು, ಆಕಾಶ ತೆರೆದು ನೆಲದ ಕಾವು ಹೊರಟುಹೋಗಬೇಕು. ಗಾಳಿಯೂ ಬೀಸಬಾರದು, ಬೀಸಿದರೆ ಕಾವಳ ಕೂರದು; ಅದನ್ನು ತಿಳಿಯಲು ನಾನು ಸೇರಿಸಿಕೊಂಡದ್ದು ಗುಡ್ಡದ ಮೇಲೆ ವಿದ್ಯುತ್ತಿಗಾಗಿ ನಿಲ್ಲಿಸಿದ ಗಾಳಿಯಂತ್ರಗಳನ್ನು. ಅಂಥ ಯಂತ್ರಗಳು ತಿರುಗಲು ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ವೇಗದ ಗಾಳಿಯಾದರೂ ಬೇಕು. ಮಳೆ ನಿಂತ ಸಂಜೆ ಮುಂಡರಗಿ ರಸ್ತೆಯಿಂದ ನೋಡಿದಾಗ ಗುಡ್ಡದ ಮೇಲಿನ ಸಾಲಿಗೆ ಸಾಲೇ ರೆಕ್ಕೆ ನಿಲ್ಲಿಸಿದ್ದರೆ ಆ ರಾತ್ರಿ ಅಲಾರಾಂ ಇಟ್ಟು ಮಲಗುತ್ತೇನೆ. ಒಂದೆರಡು ಮಾತ್ರ ನಿಂತಿದ್ದರೆ ಅದು ರಿಪೇರಿಯೂ ಆಗಿರಬಹುದು, ನಂಬುವಂತಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಈ ಲೆಕ್ಕ ನಾಲ್ಕರಲ್ಲಿ ಮೂರು ಸಲವಾದರೂ ನಿಜವಾಗಿದೆ.

2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾದ ಮೇಲೆ ಕತ್ತಲಿನಲ್ಲಿ ಗುಡ್ಡ ಹತ್ತುವ ಮಾತೇ ಇಲ್ಲ. ಚಿರತೆ, ಕತ್ತೆಕಿರುಬ, ತೋಳ ಓಡಾಡುವ ಜಾಗವದು. ನನಗೆ ಬೇಕಾದ ಚಿತ್ರ ಹೊರಗಿನ ಹೊಲದ ಬದುವಿನಿಂದಲೇ ಸಿಗುವುದರಿಂದ ಆ ನಿಯಮ ನನಗೆ ತೊಡಕಾಗಲಿಲ್ಲ. ಹೊಲದ ಯಜಮಾನರ ಒಪ್ಪಿಗೆ ಸಾಕು, ಅವರ ಮನೆಗೊಂದು ಚಿತ್ರ ಕಟ್ಟು ಹಾಕಿಸಿ ಕೊಟ್ಟಿದ್ದೇನೆ.

ಒಂಬತ್ತು ಸಾವಿರದ ಟ್ರೈಪಾಡ್ ನಮ್ಮ ಬಯಲಿನ ಗಾಳಿಗೆ 300ರಲ್ಲಿ ನಡುಗುತ್ತಿತ್ತು. ಅದನ್ನು ಮನೆಯಲ್ಲಿಟ್ಟು, ಹಳೆಯ ಜೀನ್ಸಿನ ಕಾಲು ಕತ್ತರಿಸಿ ಹೊಲಿದ ಚೀಲದಲ್ಲಿ ಎರಡು ಕಿಲೋದಷ್ಟು ಜೋಳ ತುಂಬಿ, ಬದುವಿನ ಕಲ್ಲಿನ ಮೇಲಿಟ್ಟು ಅದರಲ್ಲಿ ಲೆನ್ಸ್ ಅದುಮಿದರೆ ಅಲುಗುವುದಿಲ್ಲ. ಮೊದಲ ಚೀಲದ ಜೋಳ ಇಬ್ಬನಿಗೆ ನೆನೆದು ಡಿಕ್ಕಿಯಲ್ಲೇ ಮೊಳಕೆ ಒಡೆದದ್ದರಿಂದ ಈಗ ಒಳಗೊಂದು ಪ್ಲಾಸ್ಟಿಕ್ ಕವರ್ ಇದೆ. ಕ್ಯಾಮೆರಾವನ್ನು ಅಡ್ಡಕ್ಕಲ್ಲದೆ ಲಂಬವಾಗಿ ಹಿಡಿದು, ಎಂಟೊಂಬತ್ತು ಚಿತ್ರಗಳನ್ನು ಮೂರರಲ್ಲಿ ಒಂದು ಭಾಗ ಒಂದರ ಮೇಲೊಂದು ಬರುವಂತೆ ತೆಗೆದು ಜೋಡಿಸುತ್ತೇನೆ. ಜೋಡಿಸಿದಾಗ ಚಿತ್ರಗಳು ಬೇರೆಬೇರೆಯಾಗಿ ಕಾಣದಂತೆ ಎಕ್ಸ್‌ಪೋಷರ್ (ಬೆಳಕಿನ ಅಳತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರೂ ಮ್ಯಾನುವಲ್ ಇರಬೇಕು; ಕಾವಳ ಸರಿಯುತ್ತಲೇ ಇರುವುದರಿಂದ ಇಡೀ ಸಾಲು ಅರ್ಧ ನಿಮಿಷದೊಳಗೆ ಮುಗಿಯಬೇಕು. ಎಂಟು ಗಂಟೆಯ ಮೇಲೆ ಬಿಸಿಲು ಏರಿ ನೆಲದ ಗಾಳಿ ಕುಣಿಯತೊಡಗಿದರೆ ಎಂಥ ಲೆನ್ಸೂ ಗುಡ್ಡದ ಅಂಚನ್ನು ಚೂಪಾಗಿ ಹಿಡಿಯದು. ಲೆನ್ಸಿನ ಮುಖಕ್ಕೆ ಇಬ್ಬನಿ ಕೂರದಂತೆ ಮಾಡುವ ಉಪಾಯವೂ ಒಂದಿದೆ. ಇಪ್ಪತ್ತು ರೂಪಾಯಿಯದು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ನಡುವೆ ಒಂದು ಚಳಿಗಾಲ ಬೇರೆ ಹುಚ್ಚು ಹಿಡಿದಿತ್ತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳಾದ್ದರಿಂದ, ಅವುಗಳನ್ನು ನಮ್ಮ ಗುಡ್ಡದ ನೆತ್ತಿಯ ಮೇಲೂ ಹಾರಿಸಿ ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆಂಬ ಆಸೆ. ಹೊಲದಲ್ಲಿ ಮೇಯ್ದ ಹಿಂಡುಗಳು ಬೆಳಿಗ್ಗೆ ಕೆರೆಗೆ ಮರಳುವುದೇನೋ ನಿಜ, ಆದರೆ ಗುಡ್ಡ ದೊಡ್ಡದಾಗಿ ಬಂದಾಗ ಹಕ್ಕಿಗಳು ಎಳ್ಳಿನ ಕಾಳಾದವು, ಹಕ್ಕಿ ತುಂಬಿ ಬಂದಾಗ ಗುಡ್ಡ ಮಸುಕಾಯಿತು. ಎರಡು ಚಿತ್ರ ಸೇರಿಸಿ ಒಂದು ಮಾಡಬಹುದಿತ್ತು. ಅಂಥದ್ದು ನನಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು. ಮೂರು ಅಡಿ ಅಗಲದ ಪ್ರಿಂಟಿಗೆ ಕಟ್ಟು ಸೇರಿ ನನಗೆ ಸಾವಿರದ ಎಂಟುನೂರು ಬೀಳುತ್ತದೆ, ನಾಲ್ಕೂವರೆ ಸಾವಿರಕ್ಕೆ ಕೊಡುತ್ತೇನೆ. ಒಂದು ಲಾಡ್ಜಿನವರು ಆರು ಕೋಣೆಗಳಿಗೆ ತೆಗೆದುಕೊಂಡು ಅರ್ಧ ಹಣ ಬಾಕಿ ಉಳಿಸಿದ್ದರಿಂದ, ಈಗ ಪೂರ್ತಿ ಹಣ ಬಂದ ಮೇಲೆಯೇ ಪ್ರಿಂಟ್ ಹಾಕಿಸುತ್ತೇನೆ. ಕಳೆದ ದೀಪಾವಳಿಯ ನಂತರ ಕೊಂಡವರಲ್ಲಿ, ಚಿಕ್ಕಮಗಳೂರಿಗೆ ಹೋಗೆಂದಿದ್ದ ಹುಬ್ಬಳ್ಳಿಯವರೂ ಇಬ್ಬರಿದ್ದಾರೆ. ಅವರಿಗೆ ರಿಯಾಯಿತಿ ಕೊಟ್ಟಿಲ್ಲ.